ಮೂವತ್ತೆಂಟು ನಿಮಿಷದ ಹಾದಿ

ಜೇಪೀಟಿಯ ಆ ದಿನವನ್ನು ಕೆಡಿಸಿದ್ದು ಅವನ ಮೊಬೈಲು. ಹಿಮನಾಡಿನ ತನ್ನೂರು ಅವಾಲುಕ್‌ನಿಂದ ಟಾಸಿಕ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಬೆಳಿಗ್ಗೆ ಎದ್ದವನೇ ಅದನ್ನು ಕೇಳಿದ. ಅದು ಚೂರೂ ಯೋಚಿಸದೆ ನೂರ ಅರವತ್ತು ಕಿಲೋಮೀಟರು, ಮೂವತ್ತೆಂಟು ನಿಮಿಷ ಎಂದು ಹೇಳಿಬಿಟ್ಟಿತು. ಸಾಲದ್ದಕ್ಕೆ ಎರಡೂ ಊರುಗಳ ನಡುವೆ ನೂಲು ಹಿಡಿದು ಎಳೆದಂಥ ನೀಲಿ ಗೆರೆಯೊಂದನ್ನೂ ತೋರಿಸಿತು. ಆ ಗೆರೆಯಲ್ಲಿ ಮಂಜಿರಲಿಲ್ಲ, ಗಾಳಿಯಿರಲಿಲ್ಲ, ವಿಮಾನ ನಿಲ್ದಾಣದಲ್ಲಿ ತೂಕ ಹಾಕುವ ಕೂನೂ ಎಂಬವನೂ ಇರಲಿಲ್ಲ. ಜೇಪೀಟಿ ನಂಬಿದ.

ಹಿಂದಿನ ದಿನ ಟಾಸಿಕ್‌ನ ಆಸ್ಪತ್ರೆಯಲ್ಲಿ ಅವನ ಮಗಳು ಜೀಲಾಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಅಳಿಯ ದೂರದ ಗಣಿಯಲ್ಲಿ ಕೆಲಸದ ಮೇಲಿದ್ದ. ಇಷ್ಟಕ್ಕೆ ಎಲ್ಲರೂ ಸಂತೋಷಪಟ್ಟು, ಇನ್ನೊಂದು ಲೋಟ ಟೀ ಕುಡಿದು ತಮ್ಮ ತಮ್ಮ ಪಾಡಿಗೆ ಇರಬಹುದಾಗಿತ್ತು. ಆದರೆ ಮಗುವಿಗೊಂದು ಹೆಸರು ಇಡಬೇಕಿತ್ತು.

ಆ ಕಡೆ ಹೆಸರೆಂದರೆ ಬರೀ ಕೂಗಿ ಕರೆಯುವುದಕ್ಕಲ್ಲ. ತೀರಿಕೊಂಡವರ ಹೆಸರನ್ನು ಮಗುವಿಗೆ ಇಟ್ಟರೆ ತೀರಿಕೊಂಡವರು ಮನೆಗೆ ವಾಪಸು ಬಂದ ಹಾಗೆ. ಅವರು ಗಂಡಸಾಗಿದ್ದರೂ ಹೆಂಗಸಾಗಿದ್ದರೂ, ಹುಟ್ಟಿದ್ದು ಗಂಡಾದರೂ ಹೆಣ್ಣಾದರೂ ಅಡ್ಡಿಯಿಲ್ಲ. ಆಮೇಲೆ ಮನೆಮಂದಿ ಆ ಮಗುವನ್ನು ಹಳೆಯ ಸಂಬಂಧದಿಂದಲೇ ಕರೆಯಬೇಕು, ಹಳೆಯ ಮರ್ಯಾದೆಯನ್ನೇ ಕೊಡಬೇಕು. ವಿಮಾನ ನಿಲ್ದಾಣದ ಕೂನೂ ಜೇಪೀಟಿಗಿಂತ ಎಷ್ಟೋ ವರ್ಷ ಚಿಕ್ಕವನು. ಆದರೆ ಅವನಿಗಿಟ್ಟಿದ್ದು ಜೇಪೀಟಿಯ ತಾತನ ಹೆಸರು. ಹಾಗಾಗಿ ತಲೆ ನರೆತ ಜೇಪೀಟಿ ಅವನನ್ನು ತಾತ ಎನ್ನುತ್ತಾನೆ. ಕೂನೂ ಅವನನ್ನು ಮೊಮ್ಮಗನೇ ಎನ್ನುತ್ತಾನೆ, ಮತ್ತು ತಾತನ ಹಾಗೆಯೇ ನಾಲ್ಕು ಜನರೆದುರು ಗದರಿಸುತ್ತಾನೆ.

ಜೇಪೀಟಿಗೆ ವಾಪಸು ಬೇಕಾಗಿದ್ದವನು ಅವನ ಅಪ್ಪ ಅಕೀಶೂ. ಅಪ್ಪನೆಂದರೆ ಅವನಿಗೆ ಪ್ರಾಣ. ಇಡೀ ಊರಿನಲ್ಲಿ ಜೇಪೀಟಿಯ ಬೇಟೆಯ ಕತೆಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ ಒಬ್ಬನೇ ಮನುಷ್ಯ ಅವನು. "ಆಮೇಲೆ?" ಎಂದು ಬೇರೆ ಕೇಳುತ್ತಿದ್ದ. ಅದೇ ಮನೆಯಲ್ಲಿದ್ದ ಹೆಂಡತಿಯ ತಾಯಿ, ಅತ್ತೆ ಅಲೂಕಿ, ಜೇಪೀಟಿ ಬಾಯಿ ತೆರೆದರೆ ತಾನೂ ಬಾಯಿ ತೆರೆಯುತ್ತಿದ್ದಳು, ಆಕಳಿಸುವುದಕ್ಕೆ. ಕರಡಿ ಇನ್ನೂ ಬಂಡೆಯ ಹಿಂದಿನಿಂದ ತಲೆ ಹಾಕುವ ಮೊದಲೇ ಅವಳ ಆಕಳಿಕೆ ಕತೆಯನ್ನು ನುಂಗಿ ನೀರು ಕುಡಿದಿರುತ್ತಿತ್ತು. ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಅಪ್ಪನಿಲ್ಲದ ಮನೆ ಜೇಪೀಟಿಗೆ ಖಾಲಿ ಖಾಲಿ ಅನ್ನಿಸುತ್ತಿತ್ತು.

ಅತ್ತ ಬೀಗ ಪಿಲಿಪೂಸಿ, ಅಂದರೆ ಜೀಲಾಳ ಮಾವ, ಎರಡು ಮನೆಯಾಚೆ ಇದ್ದವನು, ಅವನೂ ತನ್ನಪ್ಪನ ಹೆಸರೇ ಆಗಬೇಕೆಂದು ಹಟ ಹಿಡಿದ. ಇಬ್ಬರೂ ಸರದಿಯ ಮೇಲೆ ಬಾಣಂತಿಗೆ ಫೋನ್ ಮಾಡಿ ತಮ್ಮ ತಮ್ಮ ಅಪ್ಪಂದಿರ ಗುಣಗಾನ ಮಾಡಿದರು. ಕೊನೆಗೆ ಜೀಲಾ ಇಬ್ಬರಿಗೂ ಒಂದೇ ಮಾತು ಹೇಳಿದಳು.

"ಸಾಕು ನಿಲ್ಸಿ. ಇಲ್ಲಿಗೆ ಬನ್ನಿ. ತೀರ್ಕೊಂಡ ಯಾವ ಹಿರಿಯರ ವಸ್ತು ಮೊದ್ಲು ಮಗು ಮೈ ಮುಟ್ಟುತ್ತೋ, ಆ ಹಿರಿಯರ ಹೆಸರೇ ಇಡ್ತೀನಿ. ಇನ್ನೊಂದ್ಸಲ ಫೋನ್ ಮಾಡಿದೋರಿಗೆ ಮಗು ಮುಖಾನೂ ತೋರ್ಸಲ್ಲ."

ಜೇಪೀಟಿ ಅಪ್ಪನ ಹಿಮದ ಕನ್ನಡಕವನ್ನು ಹುಡುಕಿ ತೆಗೆದ. ಕ್ಯಾರಿಬೂ ಎಂಬ ಹಿಮಜಿಂಕೆಯ ಕೊಂಬಿನಲ್ಲಿ ಕೊರೆದದ್ದು. ಗಾಜಿಲ್ಲ, ಬಿಸಿಲು ಕಣ್ಣಿಗೆ ಹೊಡೆಯದ ಹಾಗೆ ಎರಡು ಸಣ್ಣ ಸೀಳು ಮಾತ್ರ. ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಉಣ್ಣೆಯ ಅಂಗಿಯಲ್ಲಿ ಸುತ್ತಿ, ಅಂಗಿಯನ್ನು ತನ್ನ ಹಸಿರು ಚೀಲದ ತಳದಲ್ಲಿ ತುರುಕಿದ. ಬೀಗನ ಕಣ್ಣು ಬೀಳಬಾರದೆಂದು ಚೀಲಕ್ಕೆ ಎರಡು ಗಂಟು ಹಾಕಿದ.

ಹೆಂಡತಿ ಲೀಟಿಯಾ ಕಿಟಕಿಯ ಬಳಿ ಕೂತು ಏನೋ ಹೊಲಿಯುತ್ತಿದ್ದಳು. ಅವನು ಮೊಬೈಲನ್ನು ಅವಳ ಮೂಗಿನ ತುದಿಗೆ ಹಿಡಿದ.

"ನೋಡಿಲ್ಲಿ, ಮೂವತ್ತೆಂಟು ನಿಮಿಷ! ಬೀಗ ಹಿಮಬಂಡೀಲಿ ಕೊಲ್ಲಿ ಸುತ್ತಿ ಬರೋ ಅಷ್ಟ್ರಲ್ಲಿ ನಾನು ಹೋಗಿ, ಹೆಸರಿಟ್ಟು, ಊಟ ಮಾಡಿ, ಒಂದು ನಿದ್ದೆ ತೆಗ್ದಿರ್ತೀನಿ."

"ಹೌದ್ರೀ," ಎಂದಳು ಲೀಟಿಯಾ. ದಾರವನ್ನು ಹಲ್ಲಿನಲ್ಲಿ ಕಡಿದು, ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಪುಟ್ಟ ಬೂಟುಗಳ ಜೋಡಿಯೊಂದನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು. "ಇದನ್ನ ಮಗೂಗೆ ಹಾಕಿ. ಚೀಲದೊಳಗೆ ಮಾತ್ರ ಇಡ್ಬೇಡಿ, ಚಳಿಗೆ ಚರ್ಮ ಗಟ್ಟಿಯಾಗುತ್ತೆ. ಕೋಟಿನ ಒಳಜೇಬಲ್ಲಿ ಇಟ್ಕೊಳ್ಳಿ."

"ಮೊದ್ಲು ಅಪ್ಪನ ಕನ್ನಡಕ. ಬೂಟು ಗೀಟು ಎಲ್ಲ ಆಮೇಲೆ."

"ಅಯ್ಯೋ, ಆಮೇಲೇ ಹಾಕಿ. ಅವಸರ ಏನಿದೆ? ಮೂವತ್ತೆಂಟು ನಿಮಿಷ ತಾನೇ."

ಹೊರಗೆ ಪಿಲಿಪೂಸಿ ಆಗಲೇ ಹಿಮಬಂಡಿಗೆ ಪೆಟ್ರೋಲು ತುಂಬಿ, ಹಿಂದೆ ಜಾರುಗಾಡಿಯನ್ನು ಕಟ್ಟುತ್ತಿದ್ದ. ಬಂದೂಕು, ಸ್ಟೌವು, ಟೀ ಕೆಟಲ್ಲು ಎಲ್ಲ ಅದರಲ್ಲಿದ್ದವು. ತನ್ನಪ್ಪನ ಹೊಗೆಸೊಪ್ಪಿನ ಕೊಳವೆಯನ್ನು ಎಲ್ಲರಿಗೂ ಕಾಣುವಂತೆ ಬಾಯಲ್ಲೇ ಕಚ್ಚಿಕೊಂಡಿದ್ದ.

"ಏನ್ ಬೀಗ್ರೇ, ಹಕ್ಕಿ ಸವಾರೀನಾ?" ಎಂದ.

"ಹೌದು ಬೀಗ್ರೇ. ಮೇಲಿಂದ ನಿಮ್ಗೆ ಕೈ ಬೀಸ್ತೀನಿ."

"ಬೀಸಿ ಬೀಸಿ. ನನ್ನ ಬಂಡಿ ಕೆಟ್ರೆ ನಾನೇ ಇಳಿದು ರಿಪೇರಿ ಮಾಡ್ತೀನಿ. ನಿಮ್ದು ಕೆಟ್ರೆ ಇಳಿಯೋಕೆ ಹೋಗ್ಬೇಡಿ." ಹೀಗೆ ಹೇಳಿ, ನೀಲಿ ಹೊಗೆಯನ್ನು ಜೇಪೀಟಿಯ ಮುಖಕ್ಕೆ ಬಿಟ್ಟು, ಗಡ್ಡೆಕಟ್ಟಿದ ಸಮುದ್ರದ ಮೇಲೆ ಹೊರಟೇಹೋದ.

ಜೇಪೀಟಿ ಚಿಂತೆ ಮಾಡಲಿಲ್ಲ. ಹೆಂಡತಿ, ಬೀಗನನ್ನು ಬಿಟ್ಟರೆ ಅವನು ಟಿಕೆಟ್ಟಿನ ವಿಷಯವನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಆದರೆ ಟಿಕೆಟ್ ಕೊಟ್ಟವನು ಕೂನೂ, ಬೆಳಗಿನ ಹೊತ್ತು ಊರಿನ ರೇಡಿಯೊದಲ್ಲಿ ಮಾತಾಡುವವನೂ ಕೂನೂ. ಜೇಪೀಟಿ ಬೂಟಿಗೆ ಕಾಲು ತೂರಿಸುತ್ತಿದ್ದಾಗ ಎಲ್ಲ ಮನೆಗಳ ರೇಡಿಯೊಗಳಿಂದಲೂ ಒಂದೇ ದನಿ ಬಂತು.

"ನಮ್ಮ ಮೊಮ್ಮಗ ಜೇಪೀಟಿ ಇವತ್ತು ಟಾಸಿಕ್‌ಗೆ ಹೋಗ್ತಿದ್ದಾನೆ. ಬರೀ ಮೂವತ್ತೆಂಟು ನಿಮಿಷವಂತೆ. ಅಲ್ಲಿರೋ ನಿಮ್ಮೋರಿಗೆ ಏನಾದ್ರೂ ಕಳ್ಸೋದಿದ್ರೆ ಬೇಗ ಬೇಗ ತಂದ್ಕೊಡಿ."

ಊರಿಗೆ ಊರೇ ಬಂತು. ಒಬ್ಬಳು ತಂಗಿಗೆಂದು ಮಂಜಿನಲ್ಲಿ ಕಲ್ಲಾದ ಮೀನುಗಳನ್ನು ತಂದಳು. ಒಬ್ಬ ಭಾವನಿಗೆಂದು ಒಣಗಿಸಿದ ಕ್ಯಾರಿಬೂ ಮಾಂಸ ತಂದ. ಇನ್ನೊಬ್ಬ, ಕಳೆದ ಬೇಸಿಗೆಯಲ್ಲಿ ಎರವಲು ತಂದಿದ್ದ ದೋಣಿಯ ಎಂಜಿನ್ನನ್ನೇ ವಾಪಸು ಕಳಿಸಲು ಹೊತ್ತುಕೊಂಡು ಬಂದ. ಬೇಡ ಎನ್ನುವುದು ಆ ಊರಿನಲ್ಲಿ ಯಾರಿಗೂ ಬಾರದ ವಿದ್ಯೆ. ಜೇಪೀಟಿ ನಿಲ್ದಾಣ ತಲುಪಿದಾಗ ಅವನ ಹಿಂದೆ ಒಂದು ಸಂಸಾರ ಮನೆ ಬದಲಾಯಿಸಿದಷ್ಟು ಸಾಮಾನಿತ್ತು.

ಅಲ್ಲಿ ಕೂನೂ ಈಗ ರೇಡಿಯೊದವನ ನಗೆಯನ್ನು ಒಳಗಿಟ್ಟು, ತೂಕದವನ ಗಂಟುಮುಖ ಹಾಕಿಕೊಂಡಿದ್ದ. ಸಣ್ಣ ವಿಮಾನ, ಸಾಮಾನನ್ನು ಮಾತ್ರವಲ್ಲ, ಮನುಷ್ಯರನ್ನೂ ತೂಗಬೇಕು.

"ತೂಕದ ಯಂತ್ರ ಹತ್ತು," ಎಂದ. ಮುಳ್ಳನ್ನು ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದ. "ಮೊಮ್ಮಗನೇ, ಕ್ರಿಸ್‌ಮಸ್‌ಗೆ ಹೋದಾಗ ಇಷ್ಟಿರ್ಲಿಲ್ಲ ನೀನು. ಏನೇನ್ ತಿಂದೆ?"

"ತಾತ, ಮೆಲ್ಲಗೆ ಹೇಳು. ಜನ ಕೇಳ್ತಿದ್ದಾರೆ."

"ಕೇಳ್ಲಿ ಬಿಡು. ನಿನ್ನ ಹೊಟ್ಟೆ ಕಣ್ಣಿಗೆ ಕಾಣಲ್ವಾ? ನೀನು ಮೂರು ಮೀನು ಕಮ್ಮಿ ಇದ್ದಿದ್ರೆ ಆ ಎಂಜಿನ್ನೂ ಹೋಗ್ತಿತ್ತು."

ಎಂಜಿನ್ ಉಳಿಯಿತು, ಅದರ ಯಜಮಾನ ಜೇಪೀಟಿಯ ಹೊಟ್ಟೆಯನ್ನು ಸಿಟ್ಟಿನಿಂದ ನೋಡಿದ. ಉಳಿದದ್ದೆಲ್ಲ, ಹಸಿರು ಚೀಲವೂ ಸೇರಿ, ವಿಮಾನದ ಹಿಂಭಾಗಕ್ಕೆ ಹೋಯಿತು. ವಿಮಾನ ಏರಿತು. ಕೆಳಗೆ ಬಿಳಿ ಕೊಲ್ಲಿಯಲ್ಲಿ ಹೇನಿನಷ್ಟು ಸಣ್ಣಗೆ ಬೀಗನ ಬಂಡಿ ಹರಿದಾಡುತ್ತಿತ್ತು. ಜೇಪೀಟಿ ಕಿಟಕಿಗೆ ಮುಖ ಒತ್ತಿ ಮನಸಾರೆ ಕೈ ಬೀಸಿದ. ಹೇಳಿದಷ್ಟೇ ಹೊತ್ತಿಗೆ, ನಿಮಿಷಕ್ಕೆ ನಿಮಿಷ ಸರಿಯಾಗಿ, ವಿಮಾನ ಟಾಸಿಕ್‌ನ ನೆತ್ತಿಯ ಮೇಲಿತ್ತು. ಮೊಬೈಲು ಸುಳ್ಳು ಹೇಳಿರಲಿಲ್ಲ. ಟಾಸಿಕ್ ಮಾತ್ರ ಕಾಣುತ್ತಿರಲಿಲ್ಲ.

ಊರಿನ ಮೇಲೆ ಮಂಜು ದಪ್ಪ ಕಂಬಳಿಯ ಹಾಗೆ ಬಿದ್ದಿತ್ತು. ದಕ್ಷಿಣದಿಂದ ಬಂದಿದ್ದ ಗಡ್ಡದ ಪೈಲಟ್ ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ, ಆಮೇಲೆ ಮೈಕಿನಲ್ಲಿ ಉಲ್ಲಾಸದಿಂದ ಹೇಳಿದ.

"ಟಾಸಿಕ್ ಬಂದಿದೆ. ಆದ್ರೆ ಇಳಿಯೋಕಾಗಲ್ಲ. ಸಾನಿಕ್‌ಗೆ ಹೋಗಿ ಕಾಯೋಣ."

ಸಾನಿಕ್ ದಕ್ಷಿಣಕ್ಕಿತ್ತು. ಅವಾಲುಕ್‌ನಿಂದ ಟಾಸಿಕ್‌ಗೆ ಇರುವುದಕ್ಕಿಂತ ಹೆಚ್ಚು ದೂರದಲ್ಲಿತ್ತು.

"ನಮ್ಮ ಮಗಳು ಕೆಳಗಿದ್ದಾಳೆ ಸ್ವಾಮಿ!" ಜೇಪೀಟಿ ಕೂಗಿದ. "ಇಲ್ಲೇ, ನನ್ನ ಕಾಲ್ ಕೆಳಗೇ ಇದ್ದಾಳೆ!"

"ಇರ್ಲಿ ಇರ್ಲಿ, ಅವ್ರು ಎಲ್ಲೂ ಹೋಗಲ್ಲ," ಎಂದು ಪೈಲಟ್ ಸಮಾಧಾನ ಹೇಳಿ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿದ.

ಸಾನಿಕ್‌ನ ನಿಲ್ದಾಣದಲ್ಲಿ ಗಟ್ಟಿ ಕುರ್ಚಿಗಳೂ ತಣ್ಣಗಿನ ಕಾಫಿಯೂ ಇದ್ದವು. ಜೇಪೀಟಿ ಪಕ್ಕದಲ್ಲಿ ಕೂತವನಿಗೆ ತನ್ನ ಅವಸರವನ್ನು ವಿವರಿಸಿದ. ಪಕ್ಕದವನು ಹೋದ ವಾರ ಮದುವೆಗೆಂದು ಹೊರಟವನಂತೆ. ಮದುಮಕ್ಕಳು ಈಗ ಅವನ ಎದುರೇ ಹಾದು ಮಧುಚಂದ್ರಕ್ಕೆ ಹೋದರಂತೆ. ಇದನ್ನು ಕೇಳಿ ಜೇಪೀಟಿ ಎದ್ದು ಟಿಕೆಟ್ ಕೌಂಟರಿನ ಹೆಂಗಸಿನ ಬಳಿಗೆ ಹೋದ.

"ಅಮ್ಮಾ, ಟಾಸಿಕ್‌ಗೆ ಯಾವಾಗ?"

"ಮಂಜು ಹೋದಾಗ."

"ಮಂಜು ಯಾವಾಗ ಹೋಗುತ್ತೆ?"

"ವಿಮಾನ ಹೊರಟ್ಮೇಲೆ ಗೊತ್ತಾಗುತ್ತೆ."

"ಮೊಬೈಲಲ್ಲಿ ಮೂವತ್ತೆಂಟು ನಿಮಿಷ ಅಂತ ಇದೆಯಲ್ಲಮ್ಮಾ!"

ಹೆಂಗಸು ಅವನನ್ನು ಜ್ವರ ಬಂದವನನ್ನು ನೋಡುವ ಹಾಗೆ ನೋಡಿದಳು. "ಹಾಗಿದ್ರೆ ಮೊಬೈಲಲ್ಲೇ ಹೋಗಿಬಿಡಿ," ಎಂದಳು.

ಅಂತೂ ಮಧ್ಯಾಹ್ನ ದಾಟಿದ ಮೇಲೆ ವಿಮಾನ ಹೊರಟಿತು. ಟಾಸಿಕ್‌ನ ಮೇಲೆ ಬಂತು. ಜೇಪೀಟಿ ಬೆಲ್ಟ್ ಬಿಚ್ಚುವುದಕ್ಕೆ ಕೈ ಹಾಕಿದ. ಕಂಬಳಿ ಬಿದ್ದಲ್ಲೇ ಬಿದ್ದಿತ್ತು. ಪೈಲಟ್‌ನ ಉಲ್ಲಾಸ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ.

"ಟಾಸಿಕ್ ಮತ್ತೆ ಬಂದಿದೆ. ಈಗ್ಲೂ ಇಳಿಯೋಕಾಗಲ್ಲ. ಉತ್ತರದಲ್ಲಿ ಆಕಾಶ ಚೆನ್ನಾಗಿದೆ, ಅವಾಲುಕ್‌ಗೆ ಹೋಗೋಣ."

ಹೀಗೆ ಬೆಳಿಗ್ಗೆ ಅವಾಲುಕ್‌ನಿಂದ ಹೊರಟ ಜೇಪೀಟಿ, ಮೂರು ಊರುಗಳ ಆಕಾಶವನ್ನು ಅಳೆದು, ಸಂಜೆಯ ಹೊತ್ತಿಗೆ ಸರಿಯಾಗಿ ಅವಾಲುಕ್ ತಲುಪಿದ.

ವಿಮಾನ ಬಂದರೆ ನೋಡಲು ಬರುವುದು ಊರವರ ಅಭ್ಯಾಸ. ಎಲ್ಲರೂ ಬಂದಿದ್ದರು. ಜೇಪೀಟಿ ಮೆಟ್ಟಿಲಿಳಿದ ಕೂಡಲೇ ಜಯಘೋಷವೇ ಆಯಿತು.

"ಅರೆ, ಬಂದೇಬಿಟ್ಯಾ! ಮಗು ಯಾರ ಹಾಗಿದೆ?"

"ನಮ್ಮ ಭಾವ ಮಾಂಸ ತಿಂದ್ನಾ? ಏನಂದ?"

"ನಾನು ಹೋಗೇ ಇಲ್ಲ ಕಣ್ರಪ್ಪಾ!"

"ಮತ್ತೆ ಬೆಳಿಗ್ಗೆಯಿಂದ ಎಲ್ಲಿದ್ದೆ?"

ಜೇಪೀಟಿ ಆಕಾಶದ ಕಡೆ ಕೈ ತೋರಿಸಿದ. ಕೂನೂ ಆಗಲೇ ನಿಲ್ದಾಣದ ಫೋನಿನಲ್ಲಿ ರೇಡಿಯೊಗೆ ಸುದ್ದಿ ಕೊಡುತ್ತಿದ್ದ: "ನಮ್ಮ ಮೂವತ್ತೆಂಟು ನಿಮಿಷ ಈಗ ತಾನೇ ಬಂದಿಳಿದಿದ್ದಾನೆ. ಆರೋಗ್ಯವಾಗಿದ್ದಾನೆ. ಸ್ವಲ್ಪ ಸೊರಗಿದ್ದಾನೆ, ಆದ್ರೆ ಎಂಜಿನ್ ಹೋಗೋಷ್ಟು ಸೊರಗಿಲ್ಲ." ಅಂದಿನಿಂದ ಊರಿನಲ್ಲಿ ಅವನಿಗೆ ಅದೇ ಹೆಸರಾಯಿತು.

ಅಷ್ಟರಲ್ಲಿ ಲೀಟಿಯಾ ಫ್ಲಾಸ್ಕಿನಲ್ಲಿ ಟೀ ಹಿಡಿದು ಬಂದಳು. ಗಂಡನನ್ನು ಕಂಡು ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಬೂಟು ಜೇಬಲ್ಲೇ ಇದೆಯಾ?" ಎಂದು ಮೊದಲು ಕೇಳಿದಳು.

"ಬೂಟಂತೆ ಬೂಟು! ಬೀಗ ಇಷ್ಟ್ಹೊತ್ತಿಗೆ ತಲುಪಿ, ಆ ಗಬ್ಬು ಕೊಳವೇನ ಮಗು ಕೆನ್ನೆಗೆ ಉಜ್ಜಿರ್ತಾನೆ. ನಮ್ಮಪ್ಪ ಇನ್ನು ಬರಲ್ಲ ಕಣೇ." ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಅದು ನಾಟಕವಾಗಿರಲಿಲ್ಲ.

"ಇನ್ನೂ ತಲುಪಿಲ್ಲ. ಈಗ್ತಾನೆ ಜೀಲಾ ಹತ್ರ ಮಾತಾಡ್ದೆ. ಆ ಮನುಷ್ಯ ದಾರೀಲಿ ಸೀಲ್ ಕಂಡ್ರೆ ನಿಲ್ಸದೆ ಹೋಗ್ತಾನೇನ್ರೀ?" ಎಂದು ಅವಳು ಟೀ ಬಗ್ಗಿಸಿಕೊಟ್ಟಳು.

ಜೇಪೀಟಿಗೆ ಹೋದ ಜೀವ ಬಂದಂತಾಯಿತು. ಪೈಲಟ್ ರೇಡಿಯೊ ಕಿವಿಗೆ ಹಿಡಿದು, ಟಾಸಿಕ್‌ನಲ್ಲಿ ಗಾಳಿ ಎದ್ದಿದೆ, ಮಂಜು ಹರಿಯುತ್ತಿದೆ, ಹತ್ತಿ ಹತ್ತಿ ಎಂದು ಕೂಗಿದ. ಆಗ ಹಲ್ಲುನೋವಿನಿಂದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಎಲಿಸಾಪಿ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಅವಳನ್ನು ಇದೇ ವಿಮಾನದಲ್ಲಿ ಟಾಸಿಕ್‌ನ ಆಸ್ಪತ್ರೆಗೆ ಕಳಿಸಲೇಬೇಕಿತ್ತು. ಕೂನೂ ಅಜ್ಜಿಯನ್ನು ತೂಗಿದ, ತಲೆ ಕೆರೆದುಕೊಂಡ, ಸಾಮಾನಿನ ರಾಶಿಯ ಕಡೆ ನೋಡಿದ.

"ಏನಾದ್ರೂ ಒಂದು ಇಳಿಸ್ಬೇಕು," ಎಂದ.

"ನಮ್ಮ ಮೀನಂತೂ ಇಳಿಸ್ಬೇಡಿ!" ಎಂದಳೊಬ್ಬಳು. "ನಮ್ಮ ಮಾಂಸಾನೂ!" ಎಂದನೊಬ್ಬ. "ಇವನನ್ನೇ ಇಳಿಸಿ, ಇವನು ಹೋದ್ರೂ ವಾಪಸ್ ಬರ್ತಾನೆ!" ಎಂದ ದೋಣಿಯ ಎಂಜಿನ್ನಿನವನು. ಜೇಪೀಟಿ ಆ ಕೊನೆಯ ಸಲಹೆಗೆ ಹೆದರಿ, ಯಾರೂ ತನ್ನನ್ನು ಹಿಡಿದೆಳೆಯುವ ಮೊದಲೇ ವಿಮಾನಕ್ಕೆ ನುಗ್ಗಿ, ಸೀಟಿನಲ್ಲಿ ಕೂತು, ಬೆಲ್ಟನ್ನು ಉಸಿರು ಕಟ್ಟುವ ಹಾಗೆ ಬಿಗಿದುಕೊಂಡ. ಹೊರಗೆ ವಾಗ್ವಾದ ಸ್ವಲ್ಪ ಹೊತ್ತು ನಡೆಯಿತು, ಆಮೇಲೆ ತಟ್ಟನೆ ನಿಂತಿತು. ಬಾಗಿಲು ಮುಚ್ಚಿದರು.

ಈ ಸಲ ಮೂವತ್ತೆಂಟು ನಿಮಿಷ ಮೂವತ್ತೆಂಟೇ ಆಯಿತು. ಆ ಕಾಲದಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಟಾಸಿಕ್‌ನ ಮನೆಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಇಳಿಯುವಾಗ ಜೇಪೀಟಿ ಕೆಳಗೆ ನೋಡಿದ. ದಡಕ್ಕೆ ಸ್ವಲ್ಪವೇ ದೂರದಲ್ಲಿ ಒಂದು ಹಿಮಬಂಡಿ, ಅದರ ಹಿಂದೆ ಜಾರುಗಾಡಿ, ಗಾಡಿಯ ಮೇಲೆ ಕೊಬ್ಬಿದ ಸೀಲ್! ಜೇಪೀಟಿ ಈ ಸಲ ಕೈ ಬೀಸಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ವಿಮಾನವನ್ನು ಮುಂದೆ ನೂಕಲು ನೋಡಿದ.

ಟಾಸಿಕ್‌ನ ನಿಲ್ದಾಣದಲ್ಲಿ ಅವನಿಗಿಂತ ಅವನ ಸಾಮಾನಿಗೆ ಹೆಚ್ಚು ಜನ ಕಾದಿದ್ದರು. ಮೀನು ಬಂತು, ಮಾಂಸ ಬಂತು. ಪಡೆದವರು ಅವನನ್ನು ಅಪ್ಪಿಕೊಂಡು ಊರಿನಲ್ಲಿ ಯಾರ ನಾಯಿ ಮರಿ ಹಾಕಿತೆಂಬುದರವರೆಗೆ ವಿಚಾರಿಸಿದರು. ಕೊನೆಯ ಗಂಟೂ ಇಳಿಯಿತು. ಹಸಿರು ಚೀಲ ಇಳಿಯಲಿಲ್ಲ.

"ನನ್ನ ಚೀಲ?"

"ಇನ್ನೇನೂ ಇಲ್ಲ," ಎಂದ ಪೈಲಟ್. "ಮುಂದಿನ ವಿಮಾನಕ್ಕೆ ಬರುತ್ತೆ."

"ಮುಂದಿನದು ಯಾವಾಗ?"

"ಸೋಮವಾರ. ಮಂಜಿಲ್ದಿದ್ರೆ."

ಜೇಪೀಟಿಗೆ ನೆಲ ಬಿರಿದಂತಾಯಿತು. ಆದರೆ ಅವನು ಸುಮ್ಮನೆ ಸೋಲುವವನಲ್ಲ. ಚೀಲ ಬರುವವರೆಗೆ ಮಗುವನ್ನು ತೋಳಿನಿಂದ ಇಳಿಸದಿದ್ದರಾಯಿತು, ಕೊಳವೆ ಅದರ ಹತ್ತಿರ ಸುಳಿಯದಂತೆ ನೋಡಿಕೊಂಡರಾಯಿತು ಎಂದು ಲೆಕ್ಕ ಹಾಕಿದ. ಸೋಮವಾರದವರೆಗೆ ನಿದ್ದೆ, ಊಟ ಹೇಗೆ ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ. ಮನೆಮನೆಗೆ ನೀರು ಹಾಕುವ ಲಾರಿಯೊಂದು ಎದುರಿಗೆ ಬಂತು. ಅದಕ್ಕೆ ಅಡ್ಡ ನಿಂತು, ಹತ್ತಿ, ಆಸ್ಪತ್ರೆಯ ಬಾಗಿಲಲ್ಲಿ ಜಿಗಿದ.

ಜೀಲಾ ಹಾಸಿಗೆಯ ಮೇಲೆ ಕೂತಿದ್ದಳು. ಮಗು ಅವಳ ಪಕ್ಕದಲ್ಲಿ ಬಟ್ಟೆಯ ಗಂಟಾಗಿ ಮಲಗಿತ್ತು.

"ಬಂದ್ಯಾ ಅಪ್ಪಾ! ಬೆಳಿಗ್ಗೆಯಿಂದ ಎರಡ್ಸಲ ನಮ್ಮ ಮೇಲೇ ಹಾರಿ ಹೋದ್ಯಂತೆ?"

"ಮಾತಾಡಕ್ಕೆ ಪುರುಸೊತ್ತಿಲ್ಲ, ಕೊಡು ಮಗೂನ," ಎಂದು ಅವನು ಗಂಟನ್ನು ಎತ್ತಿ ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ. ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ಅಪ್ಪಾ, ಇನ್ನು ನಾಲ್ಕೇ ದಿನ ತಡ್ಕೋ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಬಾಗಿಲು ದಡಾರನೆ ತೆರೆಯಿತು. ಗಡ್ಡದಲ್ಲಿ ಮಂಜಿನ ಹರಳು, ತೋಳಿನಲ್ಲಿ ಸೀಲ್ ರಕ್ತ, ಬಾಯಲ್ಲಿ ಕೊಳವೆ, ಪಿಲಿಪೂಸಿ ಬಂದಿದ್ದ.

"ಬೀಗ್ರೇ, ಮುಟ್ಟಿಸಿ ಆಯ್ತಾ?"

ಜೇಪೀಟಿ ಸುಳ್ಳು ಹೇಳಬಹುದಾಗಿತ್ತು. ಆದರೆ ಮುಖ ಅದಾಗಲೇ ನಿಜ ಹೇಳಿತ್ತು. ಪಿಲಿಪೂಸಿ ಬಾಯಿಂದ ಕೊಳವೆ ತೆಗೆದು ಕತ್ತಿಯ ಹಾಗೆ ಹಿಡಿದುಕೊಂಡು ಮುಂದೆ ಬಂದ. ಜೇಪೀಟಿ ಎಡಕ್ಕೆ ತಿರುಗಿದ, ಅವನೂ ತಿರುಗಿದ. ಹಾಸಿಗೆಯ ಸುತ್ತ ಇಬ್ಬರು ಅಜ್ಜಂದಿರೂ ಒಂದು ಸುತ್ತು ಬಂದರು.

"ಮಾವಾ, ಮೆಲ್ಲಗೆ! ಅಪ್ಪಾ, ಮಗು ಬೀಳುತ್ತೆ!" ಎಂದು ಜೀಲಾ ಕೂಗಿದಳು.

ಮಗುವಿನ ಮುಖವನ್ನು ಜೇಪೀಟಿ ಕೋಟಿನೊಳಗೆ ಮುಚ್ಚಿದ್ದ, ಕೈಗಳನ್ನು ಬಟ್ಟೆ ಮುಚ್ಚಿತ್ತು. ಆದರೆ ಈ ಕುಣಿತದಲ್ಲಿ ಕೆಳಗಿನ ಗಂಟು ಸಡಿಲಿ, ಎರಡು ಪುಟ್ಟ ಕೆಂಪು ಪಾದಗಳು ಹೊರಗೆ ಬಂದು ಗಾಳಿಯನ್ನು ಒದೆಯತೊಡಗಿದವು. ಬೀಗನ ಕಣ್ಣು ಅವುಗಳ ಮೇಲೆ ಬಿತ್ತು. ಕೊಳವೆ ಪಾದಗಳ ಕಡೆ ಬಂತು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈ ಖಾಲಿ. ಏನಾದರೊಂದರಿಂದ ಆ ಪಾದಗಳನ್ನು ಮುಚ್ಚಬೇಕು! ಜೇಪೀಟಿಗೆ ಮಿಂಚು ಹೊಡೆದಂತೆ ಬೂಟು ನೆನಪಾಯಿತು. ಒಳಜೇಬಿಗೆ ಕೈ ಹಾಕಿ, ಕಾಗದವನ್ನು ಹಲ್ಲಿನಲ್ಲಿ ಹರಿದು, ಒಂದು ಪಾದಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ತೊಡಿಸಿದ. ಅವನು ಜೀವಮಾನದಲ್ಲೇ ಯಾರಿಗೂ ಇಷ್ಟು ಬೇಗ ಬೂಟು ಹಾಕಿರಲಿಲ್ಲ.

ಬೀಗನ ಕೊಳವೆ ಬಂದು ಬೂಟಿಗೆ ಬಡಿಯಿತು.

"ಮೈ ಮುಟ್ಲಿಲ್ಲ!" ಜೇಪೀಟಿ ಕೇಕೆ ಹಾಕಿದ. "ಬೂಟು ಮುಟ್ತು ಬೀಗ್ರೇ, ಮೈ ಮುಟ್ಲಿಲ್ಲ! ಜೀಲಾ, ನೋಡ್ದೆಯಾ ನೀನು?"

ಜೀಲಾ ಅವನನ್ನು ನೋಡುತ್ತಿರಲಿಲ್ಲ. ಬೂಟನ್ನು ನೋಡುತ್ತಿದ್ದಳು. ಕೈ ಚಾಚಿ, ಅಂಚಿಗೆ ಹೊಲಿದಿದ್ದ ಕೆಂಪು ಹೆಣಿಗೆಯನ್ನು ಬೆರಳಿನಿಂದ ಸವರಿದಳು. ಅವಳ ಕಣ್ಣು ತುಂಬಿತು.

"ಇದು ಅಜ್ಜಿ ಕೈಗವುಸಿನ ಚರ್ಮ," ಎಂದಳು. "ಈ ಹೆಣಿಗೆ ನನಗೆ ಗೊತ್ತಿಲ್ವಾ? ಚಿಕ್ಕೋಳಿದ್ದಾಗ ಇದೇ ಕೈ ಹಿಡ್ಕೊಂಡು ಅಂಗಡಿಗೆ ಹೋಗ್ತಿದ್ದೆ."

"ಯಾ... ಯಾವ ಅಜ್ಜಿ?" ಎಂದ ಜೇಪೀಟಿ. ಅವನಿಗೂ ಗೊತ್ತಿತ್ತು. ಆದರೂ ಕೇಳಿದ.

"ಅಲೂಕಿ ಅಜ್ಜಿ. ಅಮ್ಮನ ಅಮ್ಮ. ಎಲ್ಲರಿಗಿಂತ ಮೊದ್ಲು ಅವಳೇ ಮುಟ್ಟಿದ್ಳು, ನೀನೇ ನಿನ್ನ ಕೈಯಾರೆ ಮುಟ್ಟಿಸ್ದೆ. ಮಗು ಹೆಸರು ಅಲೂಕಿ."

ಮೊದಲು ನಕ್ಕವನು ಪಿಲಿಪೂಸಿ. ಕೊಳವೆಯನ್ನು ಜೇಬಿಗಿಟ್ಟು, ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮಪ್ಪ ಬರ್ದಿದ್ರೂ ಚಿಂತೆಯಿಲ್ಲ ಬೀಗ್ರೇ. ಅವಳು ನನಗಂತೂ ಅತ್ತೆಯಲ್ಲವಲ್ಲ!"

ಜೇಪೀಟಿ ಆಸ್ಪತ್ರೆಯ ಫೋನಿನಿಂದ ಮನೆಗೆ ಕರೆ ಮಾಡಿದ. ಮೊದಲ ರಿಂಗಿಗೇ ಲೀಟಿಯಾ ಎತ್ತಿಕೊಂಡಳು.

"ನನ್ನ ಚೀಲ ಎಲ್ಲೇ?"

"ಇಲ್ಲೇ ಇದೆ, ಅಡುಗೆಮನೇಲಿ. ಎಲಿಸಾಪಿ ಅಜ್ಜಿಗೆ ಜಾಗ ಬೇಕಿತ್ತು. ಯಾವ್ದು ಇಳಿಸ್ಲಿ ಅಂತ ಕೂನೂ ಕೇಳ್ದ. ನಾನೇ ತೋರ್ಸಿದೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀವಿಬ್ರೂ ಅಪ್ಪಂದ್ರನ್ನ ಹಿಡ್ಕೊಂಡು ಕಿತ್ತಾಡಿದ್ರಲ್ಲ, ನನಗೂ ಒಬ್ಳು ಅಮ್ಮ ಇದ್ಳು ಅಂತ ಯಾರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

ಅಡುಗೆಮನೆಯಲ್ಲಿ, ಎರಡು ಗಂಟು ಹಾಕಿದ ಚೀಲದಲ್ಲಿ ಅಪ್ಪ ಹಾಗೇ ಉಳಿದುಬಿಟ್ಟಿದ್ದ. ಆ ಕಡೆಯಿಂದ ಲೀಟಿಯಾಳ ದನಿ ಮೆತ್ತಗಾಯಿತು. "ಅಮ್ಮ ಹೇಗಿದ್ದಾಳ್ರೀ? ಬೆಚ್ಚಗೆ ಹಿಡ್ಕೊಂಡಿದ್ದೀರಾ? ಅವಳಿಗೆ ಚಳಿ ಆಗಿಬರಲ್ಲ ಅಂತ ಗೊತ್ತಲ್ಲ ನಿಮ್ಗೆ," ಎಂದು ಕೇಳಿ, ಅವಳು ಸದ್ದಿಲ್ಲದೆ ಅತ್ತಳು. ಅದು ಕೇಳಿಸಿದ ಮೇಲೆ ಜೇಪೀಟಿ ಬಯ್ಯುವುದನ್ನು ಬಿಟ್ಟು ಮಗುವಿನ ಸುತ್ತ ಬಟ್ಟೆಯನ್ನು ಇನ್ನಷ್ಟು ಬೆಚ್ಚಗೆ ಸುತ್ತಿದ.

ಅಷ್ಟರಲ್ಲಿ ನರ್ಸುಗಳು, ನೀರಿನ ಲಾರಿಯವನು, ಕೆನ್ನೆಗೆ ಬಟ್ಟೆ ಕಟ್ಟಿದ ಎಲಿಸಾಪಿ ಅಜ್ಜಿ, ಎಲ್ಲರೂ ಬಾಗಿಲಲ್ಲಿ ಸೇರಿದ್ದರು. ಮೂವತ್ತೆಂಟು ನಿಮಿಷದ ಪ್ರಯಾಣ ಹೇಗಾಯಿತು ಎಂದು ಯಾರೋ ಕೇಳಿದರು. ಕೇಳುವವರನ್ನು ಕಂಡರೆ ಜೇಪೀಟಿಗೆ ಎಂಥ ದುಃಖವೂ ಮರೆತುಹೋಗುತ್ತದೆ. ಅವನು ಮಗುವನ್ನು ತೋಳಿನಲ್ಲಿ ಸರಿಯಾಗಿ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡ.

"ಕೇಳಿ. ಬೆಳಿಗ್ಗೆ ನಾನು ಅವಾಲುಕ್‌ನಿಂದ ಹೊರಟಾಗ ಆಕಾಶ ಹೇಗಿತ್ತು ಅಂದ್ರೆ..."

ತೋಳಿನಲ್ಲಿದ್ದ ಮಗು ಕಣ್ಣು ತೆರೆಯಿತು. ಅವನ ಮುಖವನ್ನು ಒಂದು ಗಳಿಗೆ ನೆಟ್ಟ ನೋಟದಿಂದ ನೋಡಿತು. ಆಮೇಲೆ ಹಲ್ಲಿಲ್ಲದ ಬಾಯನ್ನು ಅಷ್ಟಗಲ ತೆರೆದು, ನಿಧಾನವಾಗಿ, ಉದ್ದಕ್ಕೆ, ಕೊನೆಗೊಂದು ಸಣ್ಣ ರಾಗವನ್ನೂ ಸೇರಿಸಿ ಆಕಳಿಸಿತು.

ಜೇಪೀಟಿ ಮಾತು ನಿಲ್ಲಿಸಿದ.

"ಸರಿ ಅತ್ತೆ," ಎಂದ.